ಘಾಟಿಯ ಗೋಡೆ

ಮಡಗಾಂವಿನಿಂದ ಸ್ವಲ್ಪ ಆಚೆಗಿನ ಹಳ್ಳಿಯೊಂದರಲ್ಲಿ ನಮ್ಮಪ್ಪ ಕಟ್ಟಿದ ಕಂಪೌಂಡು ಗೋಡೆ ಇವತ್ತಿಗೂ ನಿಂತಿದೆ. ಕೆಂಪು ಚಿರೆಕಲ್ಲಿನದು. ಅಕ್ಕಪಕ್ಕದ ಗೋಡೆಗಳು ಮಳೆಗೆ ಹೊಟ್ಟೆ ಉಬ್ಬಿಸಿಕೊಂಡು ಕುಸಿದಿವೆ, ಇದು ಮಾತ್ರ ಜಗ್ಗಿಲ್ಲ. ಆ ಊರಿನವರು ಇದನ್ನು ‘ಘಾಟಿಯ ಗೋಡೆ’ ಎನ್ನುತ್ತಾರೆ. ಬಸ್ಸಿಳಿದು ದಾರಿ ಕೇಳಿದವರಿಗೆ, ಘಾಟಿಯ ಗೋಡೆ ದಾಟಿ ಎಡಕ್ಕೆ ತಿರುಗಿ ಎಂದು ಹೇಳುತ್ತಾರೆ. ಹೇಳುವವರಿಗೆ ಅದರಲ್ಲಿ ಕೆಟ್ಟದ್ದೇನೂ ಕಾಣುವುದಿಲ್ಲ. ನನಗೆ ಮಾತ್ರ ಈಗಲೂ ಮೈ ಉರಿಯುತ್ತದೆ.

ಘಾಟಿ ಎಂದರೆ ಘಟ್ಟದ ಮೇಲಿನವನು, ಅಷ್ಟೆ. ಹಿಂದೆ ಎತ್ತುಗಳ ಮೇಲೆ ಹೇರು ಹಾಕಿಕೊಂಡು ಘಟ್ಟ ಇಳಿದು ಬರುತ್ತಿದ್ದ ವ್ಯಾಪಾರಿಗಳಿಗೆ ಗೋವಾದವರು ಇಟ್ಟ ಹೆಸರು. ಆಮೇಲೆ ಕಲ್ಲು ಹೊರುವವರು, ರಸ್ತೆಗೆ ಡಾಂಬರು ಹಾಕುವವರು, ಬಂದರಿನಲ್ಲಿ ಮೂಟೆ ಎತ್ತುವವರು ಇಳಿದು ಬಂದರು. ಹೆಸರು ಅದೇ ಉಳಿಯಿತು, ಅನ್ನುವ ಧಾಟಿ ಬದಲಾಯಿತು. ನಾನು ಶಾಲೆಗೆ ಹೋಗುತ್ತಿದ್ದ ಎಂಬತ್ತರ ದಶಕದಲ್ಲಿ ಬಸ್ಸಿನಲ್ಲಿ ಕಾಲು ತುಳಿದವನು ಘಾಟಿ, ಗಟಾರ ಕಟ್ಟಿಕೊಂಡರೆ ಘಾಟಿ, ಎಲ್ಲಾದರೂ ಕಳವಾದರಂತೂ ಘಾಟಿಯೇ. ತಲೆಗೆ ಎಣ್ಣೆ ಜಾಸ್ತಿ ಹಚ್ಚಿಕೊಂಡು ಬಂದ ಗೋವಾದ ಹುಡುಗಿಯನ್ನೂ ಅವಳ ಗೆಳತಿಯರು ಘಾಟಿ ಹೆಂಗಸಿನ ಹಾಗೆ ಕಾಣುತ್ತೀ ಎಂದು ಹಂಗಿಸುತ್ತಿದ್ದರು. ನಾನು ಪಕ್ಕದ ಬೆಂಚಿನಲ್ಲೇ ಕೂತಿರುತ್ತಿದ್ದೆ, ಎಣ್ಣೆ ಹಚ್ಚಿಕೊಂಡೇ.

ನಾವು ನವಲಗುಂದದ ಕಡೆಯವರು. ಅಪ್ಪ ಗೌಂಡಿ ಕೆಲಸದವನು. ಮಡಗಾಂವಿನ ಮೋತಿ ಡೊಂಗರ ಎಂಬ ಗುಡ್ಡದ ಏರಿನಲ್ಲಿ, ಒಬ್ಬರ ಮನೆಯ ನೀರು ಇನ್ನೊಬ್ಬರ ಅಡುಗೆಮನೆಗೆ ಹರಿಯುವ ಜಾಗದಲ್ಲಿ, ತಗಡು ಹೊದಿಸಿದ ನಮ್ಮದೊಂದು ಖೋಲಿ. ಅಪ್ಪ, ಅವ್ವ, ನಾನು. ಅಪ್ಪನಿಗೆ ಸಿಟ್ಟೇ ಬರುತ್ತಿರಲಿಲ್ಲ. ಅವನ ಪಾಲಿನದೂ ಸೇರಿಸಿ ನನಗೆ ಬಂದಿತ್ತೋ ಏನೋ, ನನ್ನದು ಸದಾ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಹಾಗೆ ನೋಡಿದರೆ ಹೆಸರಿಡುವುದರಲ್ಲಿ ನಾವೂ ಕಡಿಮೆಯವರಲ್ಲ. ಸಮುದ್ರದ ದಂಡೆಯಲ್ಲಿ ಕನ್ನಡಿ ಚೂರಿನ ಕಸೂತಿ ಬಟ್ಟೆ ಮಾರುವ ಹೆಂಗಸರು ನಮ್ಮ ಓಣಿಯಲ್ಲೇ ಇದ್ದರು. ನಳದ ಮುಂದೆ ಅವರನ್ನು ‘ಲಮಾಣ್ಯಾರು’ ಎನ್ನುವಾಗ ಅವ್ವನ ಮೂಗು ತಾನೇ ಮೇಲೇರುತ್ತಿತ್ತು. ನಾನು ರೇಗಿದರೆ, “ಅವರ ಹೆಸರ ಅದ ಅಲ್ಲೇನ ಮತ್ತ? ಅದರಾಗ ತಪ್ಪೇನೈತಿ?” ಎಂದು ನನ್ನನ್ನೇ ಕೇಳುತ್ತಿದ್ದಳು. ಮುಂದೆ ಬಾಬ್ ಕೂಡ ನನಗೆ ಹೆಚ್ಚುಕಡಿಮೆ ಅದನ್ನೇ ಹೇಳಿದರು, ಸ್ವಲ್ಪ ಓದಿದವರ ಮಾತಿನಲ್ಲಿ.

ಬಾಬ್ ಎಂದರೆ ಆ ಗೋಡೆಯ ಮನೆಯ ಯಜಮಾನರು. ಗೋವಾದಲ್ಲಿ ದೊಡ್ಡ ಗಂಡಸರನ್ನು ಗೌರವದಿಂದ ಕರೆಯುವುದು ಹಾಗೆ. ಕ್ರಿಶ್ಚಿಯನ್ನರು, ನಿವೃತ್ತ ಮಾಸ್ತರು, ಹೆಂಡತಿ ತೀರಿಕೊಂಡಿದ್ದರು. ಮಳೆಗಾಲಕ್ಕೆ ಮುಂಚೆ ಹಂಚು ತೆಗೆದು ಹೊಸದಾಗಿ ಹೊದಿಸುವುದು, ಬಾವಿಯ ಕಟ್ಟೆ, ಮೆಟ್ಟಿಲು, ಏನೇ ಇದ್ದರೂ ಅಪ್ಪನೇ ಆಗಬೇಕು. ಬೇರೆಯವರು ಮುಟ್ಟಿದರೆ ಅವರಿಗೆ ಸಮಾಧಾನವಿಲ್ಲ. ನನ್ನನ್ನು ಒಳ್ಳೆಯ ಶಾಲೆಗೆ ಸೇರಿಸಿದವರು ಅವರು. ಜ್ವರ ಬಂದರೆ ಔಷಧ ಕಳಿಸಿದವರು ಅವರು. ನಾತಾಳಕ್ಕೆ, ಅಂದರೆ ಕ್ರಿಸ್ಮಸ್ಸಿಗೆ, ನಮ್ಮ ಖೋಲಿಗೂ ಒಂದು ತಟ್ಟೆ ಸಿಹಿ ಬರುತ್ತಿತ್ತು. ಅವರು ಕೆಟ್ಟವರಾಗಿದ್ದರೆ ಸಿಟ್ಟಾಗುವ ನನ್ನ ಕೆಲಸ ಎಷ್ಟು ಹಗುರವಾಗುತ್ತಿತ್ತು.

ಆ ಬಾಬ್ ಅಪ್ಪನನ್ನು ಕರೆಯುತ್ತಿದ್ದುದು ‘ಘಾಟ್ಯಾ’ ಎಂದು. ಪ್ರೀತಿಯಿಂದಲೇ. “ಘಾಟ್ಯಾ, ಚಹಾ ಕುಡಿ. ಘಾಟ್ಯಾ, ಮಗಳು ಹೇಗೆ ಓದುತ್ತಿದ್ದಾಳೆ?”

ಕಾಲೇಜಿಗೆ ಹೋಗಲು ಶುರುಮಾಡಿದ ವರ್ಷ ಒಂದು ಭಾನುವಾರ ಅಪ್ಪನಿಗೆ ರೊಟ್ಟಿ ಕೊಡಲು ಅಲ್ಲಿಗೆ ಹೋಗಿದ್ದೆ. ಗೋಡೆ ಆಗಷ್ಟೇ ಮುಗಿದಿತ್ತು, ಅಪ್ಪ ಕೊನೆಯ ಸಂದಿಗೆ ಸಿಮೆಂಟು ತುಂಬುತ್ತಿದ್ದ. ಬಾಬ್ ಪಕ್ಕದ ಮನೆಯವರನ್ನು ಕರೆತಂದು ತೋರಿಸುತ್ತಿದ್ದರು. “ಇದು ನಮ್ಮ ಘಾಟಿಯ ಗೋಡೆ. ಕಲ್ಲಿಗೆ ಕಲ್ಲು ಹೇಗೆ ಕೂತಿದೆ ನೋಡಿ. ನಾನು ಹೋದಮೇಲೂ ಇರುತ್ತದೆ.” ಬಂದವರು ತಲೆಯಾಡಿಸಿ ಹೋದರು. ನನಗೆ ತಡೆಯಲಾಗಲಿಲ್ಲ.

“ಬಾಬ್, ಅಪ್ಪನಿಗೊಂದು ಹೆಸರಿದೆ,” ಅಂದೆ ಕೊಂಕಣಿಯಲ್ಲಿ.

ಅವರಿಗೆ ಮೊದಲು ಅರ್ಥವೇ ಆಗಲಿಲ್ಲ. ಆದಮೇಲೆ ನಿಜವಾಗಿ ನೊಂದುಕೊಂಡರು. ಕುರ್ಚಿ ತರಿಸಿ ನನ್ನನ್ನು ಕೂರಿಸಿದರು, ವಿದ್ಯಾರ್ಥಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. ಅವರ ಅಜ್ಜನ ಕಾಲದಿಂದ ಬಂದ ಮಾತು ಅದು. ಘಟ್ಟದವರನ್ನು ಘಾಟಿ ಎನ್ನದೆ ಇನ್ನೇನೆನ್ನುವುದು? ಬಸ್ಸಿನಲ್ಲಿ ಅದನ್ನು ಬೈಗುಳ ಮಾಡಿಕೊಂಡವರು ಮೂರ್ಖರು. ಅವರ ಸಲುವಾಗಿ ನಾವು ಒಳ್ಳೆಯ ಮಾತೊಂದನ್ನು ಬಿಟ್ಟುಕೊಡಬೇಕೆ? “ಬಾಯ್, ಮಗಳೇ, ಮಾತಿನಲ್ಲಿ ವಿಷವಿಲ್ಲ, ಅನ್ನುವವನ ಮನಸ್ಸಿನಲ್ಲಿರುತ್ತದೆ. ನಾನು ಬೊಂಬಾಯಿಯಲ್ಲಿ ಓದುವಾಗ ನಮ್ಮನ್ನು ಮಾಕಾಪಾವ್ ಎನ್ನುತ್ತಿದ್ದರು.”

ಮಾಕಾಪಾವ್ ಎಂದರೆ ‘ನನಗೆ ಬ್ರೆಡ್ಡು’. ಗೋವಾದ ಕ್ರಿಶ್ಚಿಯನ್ನರನ್ನು ಅಲ್ಲಿ ಹಾಗೆ ಚುಡಾಯಿಸುತ್ತಿದ್ದರಂತೆ.

“ನಿಮಗೆ ಬೇಜಾರಾಗಲಿಲ್ಲವೆ?” ಎಂದು ಕೇಳಿದೆ.

ಬಾಬ್, “ಅದು ಬೇರೆ,” ಅಂದರು.

ಯಾಕೆ ಬೇರೆ ಎಂದು ಹೇಳುವ ಬದಲು ಅಪ್ಪನ ಕಡೆ ತಿರುಗಿದರು. “ಘಾಟ್ಯಾ, ನೀನೇ ಹೇಳು. ನಿನಗೆ ಬೇಜಾರಿದೆಯಾ?”

ಅಪ್ಪ ಸಿಮೆಂಟು ಮೆತ್ತುವ ಥಾಪಿ ಹಿಡಿದುಕೊಂಡೇ ನಕ್ಕ. ಹಲ್ಲೆಲ್ಲ ಕಾಣುವ ಹಾಗೆ. “ಬೇಜಾರ ಎಲ್ಲೀದು ಬಾಬ್, ಹುಡುಗಿಗಿ ತಿಳೀದು,” ಅಂದ ತನ್ನ ಹರಕುಮುರುಕು ಕೊಂಕಣಿಯಲ್ಲಿ. ಬಾಬ್ ಕೈ ಚೆಲ್ಲಿದರು. ಕರೆಸಿಕೊಳ್ಳುವವನೇ ತೀರ್ಪು ಕೊಟ್ಟಮೇಲೆ ನನ್ನದೇನು ಉಳಿಯಿತು? ಮನೆಗೆ ಮರಳುವಾಗ ನಾನು ಅಪ್ಪನಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದೆ. ಅವನು ಮಾತ್ರ ಮೋಡ ನೋಡುತ್ತಾ, ಹಂಚಿನ ಕೆಲಸ ಇನ್ನೂ ಬಾಕಿ ಇದೆ, ಮಳೆ ಬೇಗ ಬರುವ ಹಾಗಿದೆ ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ.

ತೊಂಬತ್ತರ ದಶಕ ಬಂದಾಗ ಅಪ್ಪನಿಗೆ ಕೆಮ್ಮು ಹತ್ತಿತು. ವರ್ಷಗಟ್ಟಲೆ ಕಲ್ಲು ಕೊರೆದ ಧೂಳು ಎದೆಯಲ್ಲಿ ಕೂತಿದೆ ಎಂದರು ಡಾಕ್ಟರು. ಸರಕಾರಿ ದವಾಖಾನೆಯವರು ಕೆಲವು ವಾರ ಇಟ್ಟುಕೊಂಡು, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಬಿಟ್ಟರು. ಅದರ ಅರ್ಥ ನಮಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಆಗ ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆಯೊಂದು ಬಂದು ಕೂತಿತು. ನಾವು ಲಿಂಗಾಯತರು, ನಮ್ಮಲ್ಲಿ ಸುಡುವುದಿಲ್ಲ. ಕೂಡಿಸಿ, ಕೈಯಲ್ಲಿ ಲಿಂಗವಿಟ್ಟು ಮಣ್ಣು ಕೊಡುತ್ತಾರೆ. ಗೋವಾದ ಹಿಂದೂಗಳ ಮಸಣದಲ್ಲಿ ಸುಡುತ್ತಾರೆ, ಅಗೆಯಲು ಬಿಡುವುದಿಲ್ಲ. ಹಿಂದಿನ ಮಳೆಗಾಲದಲ್ಲಿ ಓಣಿಯ ಮುದುಕರೊಬ್ಬರು ತೀರಿಕೊಂಡಾಗ ಘಟ್ಟದ ರಸ್ತೆ ಕುಸಿದು ಮುಚ್ಚಿತ್ತು. ಬೇರೆ ದಾರಿಯಿಲ್ಲದೆ ಅವರನ್ನು ಮಲಗಿಸಿ ಸುಟ್ಟರು. “ಮಲಗಿಸಿಬಿಟ್ರಲ್ಲ, ಸುಟ್ಟಬಿಟ್ರಲ್ಲ,” ಎಂದು ಅವರ ಹೆಂಡತಿ ತಿಂಗಳುಗಟ್ಟಲೆ ಹೇಳಿಕೊಂಡು ಅತ್ತಳು. ಅಪ್ಪ ಅದನ್ನೆಲ್ಲ ಕೇಳಿದ್ದ.

ಆಷಾಢದ ಒಂದು ಮಧ್ಯಾಹ್ನ ಬಾಬ್ ಛತ್ರಿ ಹಿಡಿದು ಡೊಂಗರ ಹತ್ತಿ ಬಂದರು. ಆ ವಯಸ್ಸಿನಲ್ಲಿ, ಆ ಕೆಸರಿನಲ್ಲಿ. ಅಪ್ಪನ ಹಾಸಿಗೆಯ ಪಕ್ಕ ಸ್ಟೂಲಿನ ಮೇಲೆ ಕೂತು ಉಸಿರು ಸರಿಮಾಡಿಕೊಂಡು ಹೇಳಿದರು: “ಘಾಟ್ಯಾ, ನನ್ನ ಗುಡ್ಡದಲ್ಲಿ ಗೇರುಮರಗಳ ಕೆಳಗೆ ಜಾಗ ಇದೆ. ನನ್ನ ಸ್ವಂತದ್ದು, ಯಾರನ್ನೂ ಕೇಳಬೇಕಾಗಿಲ್ಲ. ನಿಮ್ಮ ಪದ್ಧತಿ ಹೇಗೋ ಹಾಗೆ ಮಾಡಲಿ. ನೀನು ಆ ಚಿಂತೆ ಬಿಡು.”

ಅವ್ವ ಅವರ ಕಾಲು ಮುಟ್ಟಿದಳು. ತಿಂಗಳಿಂದ ಬಿಗಿಹಿಡಿದಿದ್ದ ಅಳು ಆಗ ಬಂತು ಅವಳಿಗೆ. ಅವಳಿಗೆ ಬೇಕಾದದ್ದೂ ಅದೇ. ಊರಲ್ಲಿ ನಮಗೆ ಹೊಲವಿಲ್ಲ, ಮನೆಯಿಲ್ಲ, ಅಲ್ಲಿಗೆ ಒಯ್ದರೆ ಅವಳು ಮತ್ತೆ ಅವನನ್ನು ನೋಡಲು ಹೋಗುವುದು ಯಾವಾಗ? ಇಲ್ಲಾದರೆ ಸೋಮವಾರಕ್ಕೊಮ್ಮೆ ಬಸ್ಸು ಹತ್ತಿ ಹೋಗಿ ಒಂದು ಹೂವು ಇಟ್ಟು ಬರಬಹುದು.

ಅಪ್ಪ ನಕ್ಕ. ಗೋಡೆಯ ಮುಂದೆ ನಕ್ಕಿದ್ದನಲ್ಲ, ಅದೇ ನಗು. “ದೊಡ್ಡ ಮನಸ್ಸು ಬಾಬ್,” ಅಂದ.

ಬಾಬ್ ಇಳಿದು ಹೋದರು. ಅವರ ಛತ್ರಿ ತಿರುವಿನಲ್ಲಿ ಮರೆಯಾಗುವವರೆಗೆ ಸುಮ್ಮನಿದ್ದು ಅಪ್ಪ ಹೇಳಿದ: “ಅಲ್ಲಿ ಬ್ಯಾಡ. ನನ್ನ ಊರಿಗಿ ಒಯ್ಯಿರಿ.”

ಅವ್ವನಿಗೆ ಕೇಳಿದ್ದನ್ನು ನಂಬಲಾಗಲಿಲ್ಲ. “ಊರಾಗ ಯಾರದಾರ್ರಿ ನಮಗ? ಅಷ್ಟ ದೊಡ್ಡ ಮನಷ್ಯಾ ಬಂದು ತಾನ ಜಾಗಾ ಕೊಡತೇನಿ ಅಂದ್ರ ಬ್ಯಾಡ ಅಂತೀರಲ್ಲ.”

“ಅವರು ಭಾಳ ಚಲೋ ಮಂದಿ. ಅದಕ್ಕ ಅವರ ಮುಂದ ಅನ್ನಲಿಲ್ಲ.” ಕೆಮ್ಮು ಬಂತು, ಅದು ಹೋಗುವವರೆಗೆ ಕಾದೆವು. “ಗ್ವಾಡಿ ಕಟ್ಟಿದೆ, ಘಾಟೀ ಗ್ವಾಡಿ ಅಂದ್ರು. ಅಲ್ಲಿ ನನ್ನ ಮಣ್ಣ ಮಾಡಿದ್ರ ಆ ಗುಡ್ಡಕ್ಕ ಏನಂತಾರ? ಘಾಟೀ ಹುಗದ ಜಾಗಾ ಅಂತಾರ. ನಿಮ್ಮ ಕಾಲಕ್ಕೂ ಅದ ಹೆಸರ, ಮುಂದೂ ಅದ.”

ನಾನು ಹಾಸಿಗೆಯ ಹತ್ತಿರ ಸರಿದೆ. “ಹಂಗಾರ ಅವತ್ತ ಯಾಕ ನಕ್ಕಿ? ಬಾಬ್ ಕೇಳಿದಾಗ ಬೇಜಾರಿಲ್ಲ ಅಂದ್ಯಲ್ಲ ಅಪ್ಪಾ?”

“ಎಲ್ಲಿ ಕೇಳಿದ್ರು ಅವರು? ಅವರ ಅಂಗಳದಾಗ. ನನ್ನ ಕೈಯಾಗ ಅವರ ಕೆಲಸದ ಥಾಪಿ. ಅಲ್ಲಿ ಬ್ಯಾರೆ ಏನ ಹೇಳಾಕ ಬರತೈತಿ, ಹೇಳ?” ಅಪ್ಪ ಗೋಡೆಯ ಕಡೆ ಮುಖ ಮಾಡಿಕೊಂಡ. “ಬದುಕಿದ್ದಾಗ ಕೆಲಸಾ ಬೇಕಿತ್ತು, ನಕ್ಕೆ. ಸತ್ತ ಮ್ಯಾಲ ನನಗ ಕೆಲಸಾ ಬೇಕಾಗಿಲ್ಲ.”

ಆಮೇಲೆ ಅವ್ವ ಎಷ್ಟು ಹೇಳಿದರೂ ಅವನು ಜಗ್ಗಲಿಲ್ಲ. “ನನ್ನ ಬಗ್ಗೆ ಒಂದೀಟರ ವಿಚಾರ ಮಾಡ್ರಿ,” ಎಂದೂ ಕೇಳಿದಳು. ಅವನು ಕಣ್ಣು ಮುಚ್ಚಿಕೊಂಡ. ಜೀವಮಾನದಲ್ಲಿ ಅಪ್ಪ ಹಿಡಿದದ್ದು ಅದೊಂದೇ ಹಟ, ಅದಕ್ಕೆ ಬೆಲೆ ತೆತ್ತವಳು ಅವ್ವ.

ಆ ವಾರವೇ ಹೋದ. ಬೆಳಗಿನ ಹೊತ್ತು, ಮಳೆ ಹೊಡೆಯುತ್ತಿತ್ತು. ಓಣಿಯವರು ಮೈ ಸೆಟೆದುಕೊಳ್ಳುವ ಮೊದಲೇ ಕೂಡಿಸಿ, ವಿಭೂತಿ ಹಚ್ಚಿ, ಹೆಗಲ ಮೇಲೆ ಹೊತ್ತು ಜಾರುವ ಮೆಟ್ಟಿಲು ಇಳಿಸಿ ತಂದು ಟೆಂಪೋದ ಮೂಲೆಗೆ ದಿಂಬು ಕೊಟ್ಟು ಕೂರಿಸಿದರು. ಬಾಬ್ ರಸ್ತೆಯಲ್ಲಿ ನಿಂತಿದ್ದರು. ಊರಿಗೆ ಒಯ್ಯುತ್ತೇವೆ ಎಂದು ಹೇಳಿದಾಗ ಯಾಕೆ ಎಂದು ಕೇಳಲಿಲ್ಲ. ಅವರ ಮುಖ ಮಾತ್ರ ಬಾಡಿತು. ಛತ್ರಿಯನ್ನು ಅವ್ವನ ತಲೆಯ ಮೇಲೆ ಹಿಡಿದು, ನಮ್ಮ ಇಗರ್ಜಿಯಲ್ಲಿ, ಚರ್ಚಿನಲ್ಲಿ, ಅವನಿಗಾಗಿ ಒಂದು ಪೂಜೆ ಹೇಳಿಸಬೇಕೆಂದಿದ್ದೇನೆ, ಅಲ್ಲಿ ಹೆಸರು ಹೇಳಬೇಕಾಗುತ್ತದೆ ಎಂದರು. “ಅವನ ಹೆಸರೇನು?”

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಬಾಬ್ ನನ್ನನ್ನು ನೋಡಿದರು. ನಾನು ಹೇಳಿದೆ. ಮರೆಯಬಾರದೆಂದು ಅವರು ಅದನ್ನು ಮೆಲ್ಲಗೆ ಮತ್ತೆ ಮತ್ತೆ ಅಂದುಕೊಂಡರು, ನಡುವಿನ ಅಕ್ಷರಕ್ಕೆ ಅವರ ನಾಲಿಗೆ ಹೊರಳಲಿಲ್ಲ. ಅಪ್ಪ ಟೆಂಪೋದಲ್ಲಿ ಅವರ ಕಡೆಗೇ ಮುಖ ಮಾಡಿ ಕೂತಿದ್ದ.

ಅನಮೋಡ ಘಟ್ಟದಲ್ಲಿ ಟೆಂಪೋ ಕಾಲ್ನಡಿಗೆಯವರಷ್ಟೇ ನಿಧಾನವಾಗಿ ಏರಿತು. ತಿರುವು ಬಂದಾಗಲೆಲ್ಲ ಅಪ್ಪ ವಾಲುತ್ತಿದ್ದ, ಅವ್ವ ಭುಜ ಹಿಡಿದು ಸರಿಯಾಗಿ ಕೂರಿಸುತ್ತಿದ್ದಳು. ಘಟ್ಟದ ಮೇಲೆ ಮಳೆ ತೆಳುವಾಯಿತು. ಧಾರವಾಡ ದಾಟುವ ಹೊತ್ತಿಗೆ ನೆಲ ಒಣಗಿತ್ತು, ಎರೆಮಣ್ಣು ಕಾಣಿಸಿತು. ನನಗೆ ಏನೋ ಒಂದು ಗೆದ್ದ ಹಾಗೆ ಅನಿಸಿದ್ದು ನಿಜ. ಇಲ್ಲಿ ಅಪ್ಪನಿಗೆ ಅವನ ಹೆಸರಿದೆ ಅಂದುಕೊಂಡೆ.

ಊರಲ್ಲಿ ದೂರದ ದಾಯಾದಿಗಳ ಕಟ್ಟೆಯ ಮೇಲೆ ಅವನನ್ನು ಕೂರಿಸಿದರು. ಗುರುತು ಹಿಡಿದವರು ಹಿರಿಯರಲ್ಲಿ ಕೆಲವರಷ್ಟೆ. ಮಸಣದಲ್ಲಿ ಕುಣಿ ತೋಡಲು ಆಳುಗಳು ಹೋದರು. ಒಬ್ಬ ಗಂಡಸು ಓಣಿಯಲ್ಲಿ ಮನೆಮನೆಯ ಮುಂದೆ ನಿಂತು ಹೇಳುತ್ತಾ ಹೋಗುತ್ತಿದ್ದ. ಅವನ ದನಿ ಕಟ್ಟೆಯವರೆಗೆ ಸ್ಪಷ್ಟವಾಗಿ ಕೇಳುತ್ತಿತ್ತು.

“ಗೋವಾದಾಂವ ತೀರಕೊಂಡಾನ್ರಿ. ಮಣ್ಣಿಗಿ ಬರ್ರಿ.”

ನಾನು ಎದ್ದೆ. ಅವನನ್ನು ಹಿಡಿದು ನಿಲ್ಲಿಸಿ ಹೆಸರು ಹೇಳಿಸಬೇಕೆಂದು ಕಟ್ಟೆ ಇಳಿಯುವಷ್ಟರಲ್ಲಿ ಅವ್ವ ನನ್ನ ಸೆರಗು ಹಿಡಿದು ಎಳೆದಳು. ಅವಳ ಇನ್ನೊಂದು ಕೈ ಇನ್ನೂ ಅಪ್ಪನ ಭುಜದ ಮೇಲಿತ್ತು.

“ಸುಮ್ನ ಕೂಡ,” ಅಂದಳು. “ನಿಮ್ಮಪ್ಪ ಇದ್ದಿದ್ರ ನಕ್ಕಬಿಡತಿದ್ದ.”

ನಗುತ್ತಿದ್ದ, ಖರೇ. ಅಲ್ಲಿಯವರೆಗೆ ಅಳದೆ ಇದ್ದ ನಾನು ಆಗ ಅತ್ತೆ.