ಕೂಡುವ ಮೊದಲಿನ ಸದ್ದು

ನನ್ನ ಮಗಳ ಬ್ಯಾಂಡನ್ನು ಮೊದಲ ಸಲ ಕೇಳಿದ ದಿನ ನಾನು ಬಹಳ ಹೊತ್ತು ಕಾದು ಕೊನೆಗೆ ಕೇಳಿದೆ:

“ಸುರ ಹೊಂದಿಸೂದು ಮುಗೀತೇನ್ ಬೇ? ಹಾಡು ಯಾವಾಗ ಶುರು ಮಾಡ್ತೀರಿ?”

“ಹಾಡು ಮುಗದೂ ಹೋತಲ್ಲಪ್ಪಾ” ಎಂದಳು. ಜೊತೆಗಿದ್ದ ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ.

ಅದು ಬೆಟಗೇರಿಯಲ್ಲಿ ಮುಚ್ಚಿಹೋದ ಒಂದು ಪವರ್‌ಲೂಮ್ ಶೆಡ್ಡು. ಮಗ್ಗಗಳೆಲ್ಲ ಗುಜರಿಗೆ ಹೋಗಿ ಒಂದು ಮಾತ್ರ ಉಳಿದಿತ್ತು. ಅದನ್ನು ಇವರು ಇಟ್ಟುಕೊಂಡದ್ದು ನೇಯುವುದಕ್ಕಲ್ಲ, ತಾಳಕ್ಕೆ. ಗಿಟಾರಿನವನು ಶೆಡ್ಡಿನ ಒಡೆಯನ ಮಗ, ಮೂವತ್ತು ದಾಟಿದವನು. ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು ತಂತಿಗಳ ಮೇಲೆ ಮಗ್ಗದ ಲಾಳಿಯನ್ನು ಜಾರಿಸುತ್ತಿದ್ದ. ಇನ್ನೊಬ್ಬ ಶಿರಹಟ್ಟಿ ಕಡೆಯವನು. ಮದುವೆ ಮೆರವಣಿಗೆಗಳ ಮುಂದೆ ಕರಡಿ ವಾದ್ಯ ಬಾರಿಸುವ ಮನೆತನದಲ್ಲಿ ಹುಟ್ಟಿದವನು. ನನ್ನ ಮಗಳದು ಪೇಟಿ. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಎನ್ನುತ್ತೇವೆ. ಅವಳು ಗದಗಿನ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಶಾಲೆ ಬಿಟ್ಟ ಮೇಲೆ ಇದು.

ಹೊರಗಿನವರು ಇವರ ಸಂಗೀತಕ್ಕೆ ಆರ್ಟ್ ರಾಕ್ ಎನ್ನುತ್ತಾರೆ, ಪ್ರಯೋಗ ಎನ್ನುತ್ತಾರೆ. ನಾನು ಹೈಸ್ಕೂಲಿನ ತನಕ ಓದಿದವನು, ನನಗೆ ಕೇಳಿಸಿದ್ದನ್ನು ಹೇಳುತ್ತೇನೆ. ಹಾಡಿಗೆ ಪಲ್ಲವಿಯಿಲ್ಲ. ಮೊದಲು ಪೇಟಿಯ ಒಂದೇ ಸ್ವರ, ಕರಿ ಒಂದು ಎನ್ನುವ ಮೊದಲ ಕಪ್ಪು ಕೀಲಿಯದು, ನಿಲ್ಲದೆ ಹೊರಡುತ್ತದೆ. ಅದರ ಕೆಳಗೆ ಮಗ್ಗ ಖಟಕ್ ಖಟಕ್ ಎನ್ನಲು ಶುರುಮಾಡುತ್ತದೆ. ಮಗ್ಗದ ಲೆಕ್ಕಕ್ಕೂ ಕರಡಿಯ ಲೆಕ್ಕಕ್ಕೂ ತಾಳೆಯಿಲ್ಲ. ಒಂದನ್ನೊಂದು ಹಿಂದೆ ಹಾಕುತ್ತ, ಒಂದು ಕಡೆ ಸಿಕ್ಕಿ, ಮತ್ತೆ ತಪ್ಪಿಸಿಕೊಂಡು ಹೋಗುತ್ತವೆ. ಕಪ್ಪತಗುಡ್ಡದ ಗಾಳಿಯಂತ್ರಗಳ ಬುಡದಲ್ಲಿ ನಿಂತರೆ ನೆತ್ತಿಯ ಮೇಲೆ ಬೀಸಿ ಹೋಗುವ ಸದ್ದಿದೆಯಲ್ಲ, ಗಿಟಾರು ಹಾಗೆ ಬೀಸುತ್ತದೆ. ಎಲ್ಲೋ ನಡುವೆ ಮಗಳು ನಾಲ್ಕು ಸಾಲು ಹೇಳುತ್ತಾಳೆ, ತತ್ವಪದದವರು ಏಕತಾರಿ ಹಿಡಿದು ಎಳೆದು ಹೇಳುವ ಧಾಟಿಯಲ್ಲಿ. ಆಮೇಲೆ ಮಾತು ನಿಲ್ಲುತ್ತದೆ, ಸದ್ದು ನಿಲ್ಲುವುದಿಲ್ಲ.

ಇದೆಲ್ಲದರ ಬುಡದಲ್ಲಿ ಇದ್ದದ್ದು ಪೇಟಿಯ ತೂಗಾಟ. ಅದನ್ನು ಬಿಡಿಸಿ ಹೇಳದಿದ್ದರೆ ನಾನು ಮಾಡಿದ್ದು ಯಾರಿಗೂ ತಿಳಿಯುವುದಿಲ್ಲ.

ನನ್ನ ಕಸುಬು ಪೇಟಿ ರಿಪೇರಿ, ತಂದೆಯಿಂದ ಬಂದದ್ದು. ಎರಡು ಸಾಲಿನ ಪೇಟಿಯಲ್ಲಿ ಒಂದು ಮನೆ, ಅಂದರೆ ಒಂದು ಕೀಲಿ, ಒತ್ತಿದರೆ ಎರಡು ರೀಡು ಕೂಡಿ ನುಡಿಯುತ್ತವೆ. ಎರಡೂ ಸರಿಯಾಗಿದ್ದರೆ ಸ್ವರ ಎಣ್ಣೆ ಹೊಯ್ದಂತೆ ನೆಟ್ಟಗೆ ಇಳಿಯುತ್ತದೆ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ವಾಂವ್... ವಾಂವ್... ಎಂದು ತೂಗುತ್ತದೆ. ಆಗ ರೀಡಿನ ಹಿತ್ತಾಳೆ ನಾಲಿಗೆಯನ್ನು ಕೆರೆಯಬೇಕು. ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಕೆರೆದು, ನುಡಿಸಿ ನೋಡಿ, ಮತ್ತೆ ಕೆರೆದು ಹೋದಂತೆ ತೂಗಾಟ ನಿಧಾನವಾಗುತ್ತದೆ, ಇನ್ನೂ ನಿಧಾನವಾಗುತ್ತದೆ, ಆಮೇಲೆ ಇಲ್ಲವಾಗುತ್ತದೆ. ಜೀವಮಾನವೆಲ್ಲ ಅದು ಇಲ್ಲವಾಗುವ ಗಳಿಗೆಗೆ ಕಿವಿಯಿಟ್ಟು ಕುಳಿತವನು ನಾನು. ಅದರಲ್ಲೇ ನನಗೆ ಗದಗು, ಮುಂಡರಗಿ, ಲಕ್ಷ್ಮೇಶ್ವರದಲ್ಲೆಲ್ಲ ಹೆಸರು. ಅವನ ಕೈ ಸೇರಿದ ಪೇಟಿಯಲ್ಲಿ ಕಸರು, ಸುರದ ಕುಂದು, ಉಳಿಯುವುದಿಲ್ಲ ಎನ್ನುತ್ತಿದ್ದರು.

ಮಗಳ ಪೇಟಿ ಮುಚ್ಚಿಹೋದ ಒಂದು ನಾಟಕ ಕಂಪನಿಯದು. ರಿಪೇರಿಗೆ ಬಿಟ್ಟವರು ಒಯ್ಯಲು ಬರಲೇ ಇಲ್ಲ. ನಾನು ಮೂಲೆಗೆ ತಳ್ಳಿದ್ದೆ, ಅವಳು ಎತ್ತಿಕೊಂಡು ಹೋದಳು. ಅದರ ಕರಿ ಒಂದರಲ್ಲಿ ಒಂದು ತೂಗಾಟವಿತ್ತು, ಬಲು ನಿಧಾನದ್ದು, ಮಲಗಿದ ಮನುಷ್ಯನ ಉಸಿರಿನ ಹಾಗೆ. ತಿದಿಯನ್ನು ಗಟ್ಟಿ ಒತ್ತಿದರೆ ತುಸು ಚುರುಕಾಗುತ್ತಿತ್ತು, ಮೆತ್ತಗೆ ಒತ್ತಿದರೆ ಇನ್ನೇನು ನಿಂತೇ ಹೋಯಿತು ಎನ್ನುವಷ್ಟಕ್ಕೆ ಬರುತ್ತಿತ್ತು. ಅವಳು ಅದನ್ನು ನಿಲ್ಲಲು ಬಿಡುತ್ತಿರಲಿಲ್ಲ. ತಿದಿಯ ಮೇಲಿನ ಕೈಯಿಂದ ಆ ತೂಗಾಟವನ್ನೇ ಏರಿಸಿ ಇಳಿಸಿ, ಗಿಟಾರನ್ನೂ ಕರಡಿಯನ್ನೂ ಅದರ ಹಿಂದೆ ನಡೆಸುತ್ತಿದ್ದಳು.

ಇದು ನನಗೆ ಈಗ ಅರ್ಥವಾದದ್ದು. ಆಗ ನನಗೆ ಕೇಳಿಸಿದ್ದು ಇಷ್ಟೇ: ನನ್ನ ಮಗಳು ನಾಲ್ಕು ಜನರ ಎದುರು ಕಸರಿನ ಪೇಟಿ ನುಡಿಸುತ್ತಿದ್ದಾಳೆ. ಅವಳನ್ನು ಹಿಂದೂಸ್ತಾನಿ ಗಾಯಕಿ ಮಾಡಬೇಕೆಂದು ಪಾಠಕ್ಕೆ ಕಳಿಸಿದ್ದೆ. ಅವಳು ನಡುವೆಯೇ ಬಿಟ್ಟಳು. ಆ ಸಿಟ್ಟು ಒಳಗೇ ಕುಳಿತಿತ್ತು.

ಹೋದ ವರ್ಷ ಬೆಂಗಳೂರಿನಿಂದ ಸಂಗೀತದ ಬಗ್ಗೆ ಬರೆಯುವವನೊಬ್ಬ ಬಂದು, ನಿಮ್ಮ ಮೇಲೆ ಯಾರ ಪ್ರಭಾವವಾಗಿದೆ ಎಂದು ಮೂವರನ್ನೂ ಕೇಳಿದ. ಗಿಟಾರಿನವನು ಫೋನಿನಲ್ಲಿ ಕೇಳಿದ ಪರದೇಶದ ಬ್ಯಾಂಡುಗಳನ್ನು ಹೇಳಿದ. ಕರಡಿಯವನು ತನ್ನ ಕಾಕಾನನ್ನು ಹೇಳಿದ. ನನ್ನ ಮಗಳು ಹೇಳಿದ್ದನ್ನು ಅವನು ಹೀಗೆ ಬರೆದಿದ್ದ: ‘ನಮ್ಮಪ್ಪನ ಅಂಗಡಿ. ಎರಡು ಸುರ ಕೂಡುವ ಮೊದಲು ಒಂದು ಸದ್ದಿರುತ್ತದೆ. ಸಣ್ಣವಳಿದ್ದಾಗ ಅದನ್ನು ಕೇಳುತ್ತ ಅಲ್ಲೇ ಕುಳಿತು ಅಭ್ಯಾಸ ಮಾಡುತ್ತಿದ್ದೆ. ಅಪ್ಪ ಅದನ್ನು ತೆಗೆದುಹಾಕುತ್ತಿದ್ದರು. ನಾವು ಇಟ್ಟುಕೊಳ್ಳುತ್ತೇವೆ.’

ಅದು ನನ್ನ ಕಿವಿಗೆ ಬಿದ್ದದ್ದು ಮಗಳ ಬಾಯಿಂದಲ್ಲ. ಹಿರೇಹಂದಿಗೋಳದ ಭಜನೆ ಮೇಳದ ಮಾಸ್ತರರು ನನ್ನ ಅಂಗಡಿಯಲ್ಲೇ ಫೋನು ತೆಗೆದು ಎಲ್ಲರಿಗೂ ಕೇಳುವಂತೆ ಓದಿದರು.

“ಕೇಳಿದ್ರಿಲ್ಲೋ? ನಾವು ಕಸರು ತಗಸಾಕ ಇಲ್ಲಿಗೆ ಬರ್ತೀವಿ. ಇವರ ಮಗಳು ಅದನ್ನ ಆರಿಸಿ ಚೀಲದಾಗ ತುಂಬಕೊಂಡು ಊರೂರಿಗೆ ಹಂಚಾಕತ್ಯಾಳ!”

ತಬಲಾ ಬಿಗಿಸಲು ಬಂದಿದ್ದ ಇನ್ನೊಬ್ಬರು, “ಮತ್ತ ಅಂಗಡಿ ಬೋರ್ಡ್ ಬದಲಿ ಮಾಡ್ರಿ. ಒಂದ ಕಡೆ ಸುರ ಕೂಡಿಸಿ ಕೊಡ್ತೀವಿ, ಇನ್ನೊಂದ ಕಡೆ ಕೆಡಿಸಿ ಕೊಡ್ತೀವಿ ಅಂತ ಬರಸ್ರಿ” ಎಂದರು.

“ಹುಡುಗುಬುದ್ಧಿ ಬಿಡ್ರಿ” ಎಂದು ನಾನೂ ನಕ್ಕೆ. ಆ ನಗೆ ನನಗೆ ಇವತ್ತಿಗೂ ಹೇಸಿಗೆ ತರುತ್ತದೆ. ಹೇಳಲು ಅಷ್ಟೊಂದು ಜನರಿರುವಾಗ ಮಗಳು ನನ್ನ ಅಂಗಡಿಯನ್ನು ಹೇಳಿದ್ದಳು. ನಾನು ಕೇಳಿಸಿಕೊಂಡದ್ದು ಮಾಸ್ತರರ ಕುಹಕವನ್ನು.

ಮಹಾನವಮಿಯ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ನಮ್ಮ ಮನೆಯಲ್ಲಿ ಅರ, ಚಿಮುಟ, ಕೆರೆಯುವ ಕಡ್ಡಿ ಎಲ್ಲವನ್ನೂ ತೊಳೆದು ದೇವರ ಮುಂದೆ ಇಡುತ್ತೇವೆ. ಮನೆಯವರು ನುಡಿಸುವ ಪೇಟಿಯೂ ಅಲ್ಲೇ ಇರಬೇಕು. ಮರುದಿನ ಬನ್ನಿ ಕೊಟ್ಟು ಬರುವ ತನಕ ಯಾರೂ ಪೇಟಿ ನುಡಿಸಬಾರದು, ಯಾರೂ ಹತ್ಯಾರ ಮುಟ್ಟಬಾರದು. ತಂದೆಯ ಕಾಲದಿಂದ ಬಂದ ಕಟ್ಟು. ಮಗಳು ಅದನ್ನು ಒಂದು ವರ್ಷವೂ ತಪ್ಪಿಸಿದವಳಲ್ಲ. ಹಿಂದಿನ ದಿನವೇ ಪೇಟಿ ತಂದು ಇಟ್ಟಳು. “ಹಬ್ಬ ಮುಗದ ಕೂಡ್ಲೆ ಲಕ್ಷ್ಮೇಶ್ವರದಾಗ ರೆಕಾರ್ಡಿಂಗ್ ಐತಪ್ಪಾ. ನೀ ಬರಬೇಕು ನೋಡು” ಎಂದಳು. ಅದು ಅವರ ಮೊದಲ ಆಲ್ಬಮ್ಮು.

ಪೂಜೆಯಾಯಿತು, ಊಟವಾಯಿತು. ಹೋಳಿಗೆ ಉಂಡು ಹೆಂಡತಿ ಹಿಂದಿನ ಕೋಣೆಯಲ್ಲಿ ಮಲಗಿದಳು, ಮಗಳು ಗೆಳತಿಯ ಮನೆಗೆ ಹೋದಳು. ನಾನು ಕುಂಕುಮ ಹಚ್ಚಿದ ಅರವನ್ನು ದೇವರ ಮುಂದಿನಿಂದ ಎತ್ತಿಕೊಂಡೆ. ಹೂ ಸರಿಸಿ ಪೇಟಿಯ ಮುಚ್ಚಳ ತೆಗೆದೆ. ಕರಿ ಒಂದರ ಎರಡು ರೀಡುಗಳನ್ನು ಕೆರೆದು, ಹೆಬ್ಬೆರಳಿನಿಂದ ಮೆಲ್ಲಗೆ ನುಡಿಸಿ ನೋಡಿ ಕೂಡಿಸಿದೆ. ತೂಗಾಟ ನಿಧಾನವಾಗಿ, ಇನ್ನೂ ನಿಧಾನವಾಗಿ, ನಿಂತಿತು. ಹೂವನ್ನು ಇದ್ದಲ್ಲೇ ಇಟ್ಟೆ. ಮರುದಿನ ಮಗಳು ಬನ್ನಿ ಕೊಟ್ಟು ಕಾಲಿಗೆ ಬಿದ್ದಳು. “ಬಂಗಾರದಂಗಿರು” ಎಂದೆ.

ಲಕ್ಷ್ಮೇಶ್ವರದಲ್ಲಿ ಹಳೆಯ ಹತ್ತಿ ಜಿನ್ನಿನ ಗೋದಾಮು ಹಿಡಿದಿದ್ದರು. ಎತ್ತರದ ತಗಡಿನ ಮಾಡು, ಸದ್ದು ಚೆನ್ನಾಗಿ ತಿರುಗಿ ಬರುತ್ತದೆಯಂತೆ. ಯಂತ್ರಗಳನ್ನು ಹುಬ್ಬಳ್ಳಿಯಿಂದ ತರಿಸಿದ್ದರು. ನನಗೊಂದು ಕುರ್ಚಿ ಹಾಕಿಕೊಟ್ಟರು. ಮಗಳು ಕಣ್ಣು ಮುಚ್ಚಿ ಕರಿ ಒಂದನ್ನು ಒತ್ತಿದಳು.

ಸ್ವರ ನೆಟ್ಟಗೆ ಬಂತು.

ಅವಳು ಕೈ ತೆಗೆದು ಮತ್ತೆ ಒತ್ತಿದಳು. ತಿದಿ ಗಟ್ಟಿ ಒತ್ತಿದಳು, ಮೆತ್ತಗೆ ಒತ್ತಿದಳು. ಪೇಟಿಗೆ ಕಿವಿ ಹಚ್ಚಿದಳು. ಕರಡಿಯವನು ಕೋಲು ಎತ್ತಿ ಹಿಡಿದವನು ಹಾಗೇ ನೋಡುತ್ತಿದ್ದ.

“ಅಪ್ಪಾ, ಪೇಟಿ ಬಿಚ್ಚಿದ್ದೇನ್ ನೀ?”

“ಪೂಜಿಗೆ ಇಡೂಕಿಂತ ಮೊದಲ ಧೂಳು ಹೊಡದಿದ್ದೆ ನೋಡವಾ. ಕೈಗೆ ರೂಢಿ ಆಗೇತಿ, ಸುರಾನೂ ಸರಿ ಮಾಡಿರಬೇಕು. ವಯಸ್ಸಾತು, ನೆನಪ ಉಳಿಯಂಗಿಲ್ಲ.”

ಅವಳು ಮುಚ್ಚಳ ತೆಗೆದು ಒಳಗೆ ನೋಡುತ್ತ ಕುಳಿತಳು. ಗಿಟಾರಿನವನೇ ಹಗುರ ಮಾಡಲು ನೋಡಿದ.

“ಮತ್ತ ಕೆಡಸ್ರಲ್ಲ ಕಾಕಾ! ಸರಿ ಮಾಡಿದವರಿಗೆ ಕೆಡಸೂದೇನ್ ದೊಡ್ಡದು?”

“ಬಿಡೋ ಲೇ, ಕಾಕಾರು ಬೇಕಂತ ಮಾಡ್ಯಾರೇನು?” ಎಂದ ಕರಡಿಯವನು.

ಕೆಡಿಸಲು ಕುಳಿತೆ. ಇದನ್ನು ಮಾತ್ರ ನಾನು ಮನಸ್ಸಿಟ್ಟು ಮಾಡಿದೆ. ಅವಳ ಮುಖ ನೋಡಿದ ಮೇಲೆ ನನ್ನ ಸಿಟ್ಟು ಎಲ್ಲಿ ಹೋಯಿತೋ, ಬೆವರು ಮಾತ್ರ ಉಳಿಯಿತು. ತೂಗಾಟ ಬಂತು, ಆದರೆ ಅದಲ್ಲ. ಒಮ್ಮೆ ಅವಸರದ್ದು, ಒಮ್ಮೆ ಕುಂಟುವಂಥದ್ದು. ಹಳೆಯ ಹಿತ್ತಾಳೆ, ಮೊದಲೇ ತೆಳುವಾಗಿತ್ತು. ಬುಡವನ್ನು ಇನ್ನೊಂದು ಸಲ ಕೆರೆದಾಗ ನಾಲಿಗೆ ಪಟ್ ಎಂದು ಮುರಿಯಿತು. ಅಷ್ಟು ಸಣ್ಣ ಸದ್ದನ್ನು ಆ ತಗಡಿನ ಮಾಡು ಎಲ್ಲರಿಗೂ ಕೇಳಿಸಿತು.

ಹೊಸ ರೀಡು ಹಾಕಿಕೊಡುತ್ತೇನೆಂದೆ. “ಬ್ಯಾಡ” ಎಂದಳು. ಕರಿ ಒಂದರ ತೂಗಾಟದ ಮೇಲೆಯೇ ನಿಂತಿದ್ದ ಆ ದೊಡ್ಡ ಹಾಡನ್ನು ಬಿಟ್ಟು ಉಳಿದವನ್ನು ರೆಕಾರ್ಡ್ ಮಾಡಿದರು. ಆಲ್ಬಮ್ಮಿಗೆ ಇಡಬೇಕೆಂದಿದ್ದ ಹೆಸರು ಆ ಹಾಡಿನದೇ ಆಗಿತ್ತು. ಅದನ್ನೂ ಬದಲಿಸಿದರು.

ಆಮೇಲೆ ಬ್ಯಾಂಡಿನ ಸದ್ದೇ ಬೇರೆಯಾಯಿತು. ಮೊನ್ನೆ ಬೇಸಿಗೆಗೆ ಮುಂಡರಗಿಯಲ್ಲಿ ಕಾರ್ಯಕ್ರಮವಿತ್ತು, ಕರೆಯದಿದ್ದರೂ ಹೋದೆ. ಬುಡದಲ್ಲಿ ಈಗ ಪೇಟಿಯಿಲ್ಲ. ಗಾಳಿಯಂತ್ರಗಳ ಕೆಳಗೆ ನಿಂತು ರೆಕಾರ್ಡ್ ಮಾಡಿ ತಂದ ಸದ್ದನ್ನು ಹಚ್ಚುತ್ತಾರೆ, ಅದರ ಮೇಲೆ ಕರಡಿ, ಗಿಟಾರು, ಹಾಗೆಯೇ ತುಂಬಿಕೊಂಡು ತಂದ ಮಗ್ಗದ ಸದ್ದು. ಮಗಳು ಪೇಟಿಯನ್ನು ಅಲ್ಲಲ್ಲಿ ಮುಟ್ಟಿ ಬಿಡುತ್ತಾಳೆ, ಅಷ್ಟೇ. ಗಟ್ಟಿಯಾಗಿದೆ, ಜನ ಸಿಳ್ಳೆ ಹಾಕಿದರು. ಆದರೆ ಮೊದಲು ಮೂವರನ್ನೂ ಒಂದು ಉಸಿರು ನಡೆಸುತ್ತಿತ್ತು. ಈಗ ಯಂತ್ರ ನಡೆಸುತ್ತದೆ, ಇವರು ಹಿಂದೆ ಓಡುತ್ತಾರೆ. ಮುಗಿದ ಮೇಲೆ ಕಾಲೇಜಿನ ಹುಡುಗಿಯೊಬ್ಬಳು, ನಿಮಗೆ ಇದೆಲ್ಲ ಎಲ್ಲಿಂದ ಬಂತು ಎಂದು ಕೇಳಿದಳು. ಮಗಳು ಮಗ್ಗ ಎಂದಳು, ಗುಡ್ಡದ ಗಾಳಿ ಎಂದಳು, ತತ್ವಪದ ಎಂದಳು. ಅಲ್ಲಿಗೆ ಮುಗಿಸಿದಳು. ನಾನು ಎರಡನೇ ಸಾಲಿನಲ್ಲಿ ಕುಳಿತಿದ್ದೆ.

ಇಬ್ಬರೂ ಗೆಳೆಯರು ಟೆಂಪೋಕ್ಕೆ ಸಾಮಾನು ಏರಿಸುತ್ತಿದ್ದರು. ಇವಳು ವೈರು ಸುತ್ತುತ್ತಿದ್ದಳು. ಹತ್ತಿರ ಹೋಗಿ ಹೇಳಿದೆ.

“ಯವ್ವಾ, ಅವತ್ತ ನಾ ಮರತು ಮಾಡಲಿಲ್ಲ.”

“ಗೊತ್ತೈತಿ” ಎಂದಳು, ವೈರಿನಿಂದ ಕಣ್ಣೆತ್ತದೆ.

“ಬೇಕಂತ ಮಾಡಿದೆ. ಪೂಜಾದ ದಿನಾನ ಮಾಡಿದೆ.”

“ಪೂಜಾದ ದಿನ ಅಂತ ಗೊತ್ತಿರಲಿಲ್ಲ. ಬೇಕಂತ ಅನ್ನೂದು ಗೊತ್ತಿತ್ತು. ಬಿಳಿ ಐದು ಬರ್ರ್ ಅಂತಿತ್ತು, ಬಿಳಿ ಎರಡು ಅರ್ಧಾ ಸುರ ಇಳದಿತ್ತು. ನೀ ರೂಢಿಲೆ ಕೈ ಹಾಕಿದ್ದರ ಅವನ್ನ ಬಿಟ್ಟು ಏಳ್ತಿದ್ದೇನು? ಇಡೀ ಪೇಟ್ಯಾಗ ನನಗ ಬೇಕಾದದ್ದು ಒಂದ ಮನಿ. ಅದನ್ನಷ್ಟ ಆರಿಸಿ ಮುಟ್ಟಿದಿ.”

ಅವತ್ತು ಜಿನ್ನಿನಲ್ಲಿ ಅವಳು ಮುಚ್ಚಳ ತೆಗೆದು ಅಷ್ಟು ಹೊತ್ತು ನೋಡಿದ್ದು ಇದನ್ನು, ಯಾವ ಯಾವ ರೀಡು ಕೆರೆದಿದೆ ಎಂದು.

“ಮತ್ತ ಆಗ ಯಾಕ ಅನ್ನಲಿಲ್ಲ?”

“ಎಲ್ಲಾರ ಮುಂದ ಏನನ್ಲಿ? ಆಮ್ಯಾಲ ನೀನ ಬಂದು ಹೇಳ್ತಿ ಅಂತ ದಾರಿ ನೋಡಿದೆ. ದೀಪಾವಳಿ ಹೋತು, ಸಂಕ್ರಾಂತಿ ಹೋತು.”

“ಈಗ ಹೇಳಿದ್ನಲ್ಲವಾ.”

“ಹೂಂ. ಹೇಳಿದಿ.” ಸುತ್ತಿದ ವೈರನ್ನು ಚೀಲಕ್ಕೆ ಹಾಕಿದಳು. “ನಡಿ, ಗಾಡಿ ಹತ್ತು. ಮುಂದ ಕೂಡು, ಹಿಂದ ಧಕ್ಕಿ ಬಡೀತಾವ ನಿನಗ.”

ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನಾನು ಅಪ್ಪನೆಂದು ಎದುರು ಮಾತಾಡುತ್ತಿದ್ದೆ, ಆಮೇಲೆ ಇಬ್ಬರೂ ಸಮಾಧಾನವಾಗುತ್ತಿದ್ದೆವು. ಅದಕ್ಕೂ ಅವಳು ಎಡೆ ಕೊಡಲಿಲ್ಲ.

ನಾನು ಡ್ರೈವರನ ಪಕ್ಕದಲ್ಲಿ ಕುಳಿತೆ. ಡಂಬಳ ದಾಟುವ ತನಕ ಹಿಂದಿನಿಂದ ಮೂವರ ಮಾತು ಬರುತ್ತಿತ್ತು. ಪೇಟಿಯನ್ನು ಇನ್ನು ಬಿಟ್ಟೇಬಿಡೋಣವೇ, ಅಥವಾ ಬೇರೆ ಯಾವುದಾದರೂ ಹಳೆಯದನ್ನು ಹುಡುಕಿ ನೋಡೋಣವೇ ಎಂಬ ಚರ್ಚೆ. ಕರಡಿಯವನಿಗೆ ಹುಡುಕಬೇಕೆಂದು, ಗಿಟಾರಿನವನಿಗೆ ಬಿಡಬೇಕೆಂದು. ಈ ಸುತ್ತಲಿನ ಊರುಗಳಲ್ಲಿ ಯಾರ ಮನೆಯಲ್ಲಿ ಎಂಥ ಪೇಟಿಯಿದೆ, ಯಾವುದು ಹೇಗೆ ತೂಗುತ್ತದೆ ಎಂದು ಕೈಯಾರೆ ಬಲ್ಲವನು ನಾನು. ತಿರುಗಿ ಹೇಳಲೇ ಎಂದುಕೊಂಡೆ. ಅಷ್ಟರಲ್ಲಿ ಮಗಳು, “ಬಿಟ್ಟಬಿಡೂಣು” ಎಂದಳು.