ಗೆಲಾಕ್ಸಿ ಗುಂಪಿನ ಸುತ್ತ ಅಣ್ಣ ಕಂಡ ಬೆಳಕು

ಅಣ್ಣನಿಗೆ ಡಯಾಲಿಸಿಸ್ ಶುರುವಾದ ವರ್ಷವೇ ನಾನು ಪಿಎಚ್.ಡಿ.ಯ ಕೊನೆಯ ಅಧ್ಯಾಯಕ್ಕೆ ಕೈ ಹಾಕಿದ್ದೆ. ಅರಸೀಕೆರೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದ ನನಗೆ ಬಿಡುವೆಂದರೆ ಮಧ್ಯಾಹ್ನದ ಮೇಲೆ. ಆಸ್ಪತ್ರೆಯಲ್ಲಿ ಅಣ್ಣನ ಸರದಿಯೂ ಆಗಲೇ. ಅತ್ತಿಗೆ ಹೊಲಿಗೆ ಅಂಗಡಿ ಬಿಟ್ಟು ಬರುವಂತಿರಲಿಲ್ಲ. ಹಾಗಾಗಿ ಅವನ ಮಂಚದ ಪಕ್ಕ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ತೆರೆದುಕೊಂಡು ಕೂರುವುದು ನನ್ನ ಪಾಲಿಗೆ ಬಂತು.

ಅಣ್ಣ ಬೇಲೂರು, ಹಳೇಬೀಡು ಕಡೆಯ ಬಸ್ಸುಗಳಲ್ಲಿ ಕಂಡಕ್ಟರ್ ಆಗಿದ್ದವನು. ಮಾತಿಲ್ಲದೆ ಇರಲಾರ. ರಕ್ತ ಯಂತ್ರದೊಳಗೆ ಹೋಗಿ ಬರುತ್ತಿದ್ದಾಗಲೂ ನನ್ನ ಪರದೆಯ ಕಡೆಗೇ ಕಣ್ಣು.

"ಏನವ್ವ ಅದು, ಮಸುಕು ಮಸುಕಾಗಿ ಐತೆ?"

ಹೇಳಿದೆ. ಅದು ನೂರಾರು ಗೆಲಾಕ್ಸಿಗಳ ಗುಂಪು. ಅವುಗಳ ನಡುವಿನ ಜಾಗವೂ ಖಾಲಿಯಲ್ಲ. ಕೋಟ್ಯಂತರ ಡಿಗ್ರಿ ಬಿಸಿಯ ತೆಳು ಅನಿಲ ತುಂಬಿದೆ, ಎಕ್ಸ್-ರೇಯಲ್ಲಿ ಹೊಳೆಯುತ್ತದೆ. ಎಂದೋ ಕೆಲಸ ನಿಲ್ಲಿಸಿದ ಉಪಗ್ರಹವೊಂದು ಅದರ ಚಿತ್ರವನ್ನು ತೀವ್ರ ಅತಿನೇರಳೆ ಬೆಳಕಿನಲ್ಲೂ ತೆಗೆದಿತ್ತು. ಬಿಸಿ ಅನಿಲದಿಂದ ಬರಬೇಕಾದ್ದಕ್ಕಿಂತ ಹೆಚ್ಚು ಬೆಳಕು ನನಗೆ ಅದರಲ್ಲಿ ಕಾಣುತ್ತಿತ್ತು. ನಿಜವಾದರೆ ಅಲ್ಲಿ ಅಷ್ಟು ಬಿಸಿಯಿಲ್ಲದ ಬೇರೆ ಅನಿಲವೂ ಇರಬೇಕು.

"ಅಂದ್ರೆ ಯಾರೂ ನೋಡ್ದೆ ಇರೋದು ನಿನ್ ಕಣ್ಣಿಗೆ ಬಿದ್ದೈತೆ ಅನ್ನು."

"ಇನ್ನೂ ಗ್ಯಾರಂಟಿ ಇಲ್ಲ ಕಣಣ್ಣ. ಬೇರೆ ಗುಂಪುಗಳಲ್ಲಿ ಹಿಂಗೇ ಕಂಡಿತ್ತು ಅಂದೋರು, ಇಲ್ಲ ಅಂದೋರು, ಇಬ್ರೂ ಇದಾರೆ."

ಅವನಿಗೆ ಅಷ್ಟೇ ಸಾಕಾಗಿತ್ತು. ನರ್ಸಿಗೂ, ಪಕ್ಕದ ಮಂಚದ ಕಣಕಟ್ಟೆಯ ಮುದುಕರಿಗೂ "ನಮ್ ತಂಗಿ ಹೊಸ ಬೆಳಕು ಕಂಡಿಡ್ದವ್ಳೆ" ಎಂದು ಸಾರಿದ. ಸೂಜಿ ಚುಚ್ಚುವಾಗ ಮುಖ ತಿರುಗಿಸಿ, "ಎಲ್ಲಿ, ತೋರ್ಸು" ಎನ್ನುತ್ತಿದ್ದ.

ಒಂದು ಮಧ್ಯಾಹ್ನ ಆ ಬೆಳಕು ಹೋಯಿತು. ಉಪಗ್ರಹದ ಡಿಟೆಕ್ಟರ್ ಎಲ್ಲ ಕಡೆಯೂ ಒಂದೇ ಸಮನಾಗಿ ಬೆಳಕು ಹಿಡಿಯುತ್ತಿರಲಿಲ್ಲ; ನಡುಭಾಗದಲ್ಲಿ ತುಸು ಹೆಚ್ಚು. ಅದೇ ಉಪಗ್ರಹ ತೆಗೆದ ಖಾಲಿ ಆಕಾಶದ ಚಿತ್ರಗಳನ್ನು ಕೂಡಿಸಿ ನೋಡಿದೆ. ಯಾವ ಗೆಲಾಕ್ಸಿ ಗುಂಪೂ ಇಲ್ಲದ ಅಲ್ಲಿಯೂ ಅಂಥದೇ ಮಸುಕು. ಅದನ್ನು ಕಳೆದಾಗ ಉಳಿದದ್ದು ಬಿಸಿ ಅನಿಲ ಕೊಡುವಷ್ಟೇ ಬೆಳಕು.

ಅಣ್ಣ ನನ್ನ ಮುಖ ನೋಡಿದ. "ಏನಾಯ್ತೇ?"

ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಹೇಳಿದೆ.

"ಇನ್ನೊಂದ್ಸಲ ನೋಡು."

"ನೋಡ್ದೆ ಅಣ್ಣ. ಬೇರೆ ಥರಾನೂ ನೋಡ್ದೆ. ಇಲ್ಲ."

ಅವನು ಕಣ್ಣು ಮುಚ್ಚಿಕೊಂಡ. ಮೆಲ್ಲಗೆ, "ಸಿಸ್ಟರ್‌ಗೆ ನೀನ್ ಹೇಳ್ಬ್ಯಾಡ. ನಾನೇ ಹೇಳ್ತೀನಿ" ಎಂದ.

ಅವನು ಹೇಳಲಿಲ್ಲ. ಮುಂದಿನ ಸಲ ನರ್ಸೇ ನಗುತ್ತಾ, "ನಿಮ್ ತಂಗಿ ಬೆಳಕು ಎಲ್ಲೀಗ್ ಬಂತಣ್ಣ?" ಎಂದಾಗ, "ಬರೀತಾ ಅವ್ಳೆ" ಎಂದು ಗೋಡೆಯ ಕಡೆ ಹೊರಳಿದ. ಆಮೇಲೆ ಪರದೆ ತೋರಿಸೆಂದು ಕೇಳಲೇ ಇಲ್ಲ. ನಾನೂ ಲ್ಯಾಪ್‌ಟಾಪ್ ಒಯ್ಯುವುದನ್ನು ಬಿಟ್ಟೆ. ಬಾತಿದ್ದ ಅವನ ಕಾಲುಗಳನ್ನು ಒತ್ತುತ್ತಾ ಕೂತಿರುತ್ತಿದ್ದೆ.

ಮಳೆಗಾಲ ಮುಗಿಯುವ ಮೊದಲೇ ಸೋಂಕು ತಗುಲಿತು. ಹಾಸನಕ್ಕೆ ಕರೆದೊಯ್ದೆವು, ಉಳಿಯಲಿಲ್ಲ. ಅಂದು ಗೋಡೆಯ ಕಡೆ ತಿರುಗಿದ್ದು ನನ್ನ ಮಾತಿನಿಂದ ನೊಂದೋ, ಬರೀ ಸುಸ್ತಾಗಿಯೋ, ಕೇಳಬೇಕೆಂದುಕೊಂಡಿದ್ದೆ. ಕೇಳಲು ಆಗಲಿಲ್ಲ.

ಹೆಚ್ಚಿನ ಬೆಳಕು ಇಲ್ಲ ಎಂದೇ ಅಧ್ಯಾಯ ಬರೆದೆ. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರೊಬ್ಬರು, ಇಲ್ಲ ಎಂಬುದನ್ನು ಇಷ್ಟು ಎಚ್ಚರದಿಂದ ತೋರಿಸುವುದು ಸುಲಭವಲ್ಲ ಎಂದು ಮೆಚ್ಚಿಕೊಂಡರು. ಕೈಮುಗಿದು ಹೊರಬಂದೆ. ಫೋನ್ ಮಾಡಿ ಹೇಳೋಣವೆಂದರೆ ಯಾರಿಗೆ ಎಂದು ತೋಚಲಿಲ್ಲ.

ಸಂಜೆ ರೈಲಿಳಿದು ನೇರ ಅತ್ತಿಗೆಯ ಅಂಗಡಿಗೆ ಹೋದೆ. ಅವರು ಮಿಷನ್ ನಿಲ್ಲಿಸಿ, "ಮುಗೀತೇನವ್ವ?" ಎಂದರು.

"ಮುಗೀತು ಅತ್ತಿಗೆ."

ಅವರು ಎದ್ದು ಶಟರ್ ಅರ್ಧ ಎಳೆದರು. ತುಂಡು ಬಟ್ಟೆಗಳ ನಡುವೆ ನೆಲದ ಮೇಲೆ ನನ್ನ ಪಕ್ಕ ಕೂತರು. ಅಣ್ಣ ಹೋದ ಮೇಲೆ ನಾವಿಬ್ಬರೂ ಒಟ್ಟಿಗೆ ಅತ್ತದ್ದು ಅದೇ ಮೊದಲು.