ಹಿಟ್ಟಿನ ಡಬ್ಬದೊಳಗಿನ ಫೋನು

ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲ ಶುರುವಾಗುವ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಚರ್ಚಿನಿಂದ ಬಂದವಳೇ ಫೋನನ್ನು ಆಫ್ ಮಾಡಿ, ಹಳೆಯ ಕರ್ಚೀಫಿನಲ್ಲಿ ಸುತ್ತಿ, ರಾಗಿ ಹಿಟ್ಟಿನ ಡಬ್ಬದೊಳಗೆ ಇಟ್ಟೆ. ಈಸ್ಟರ್ ಬರುವವರೆಗೆ ಬೆಳಗ್ಗೆ ಏಳೂವರೆಯಿಂದ ಸಂಜೆ ಐದರವರೆಗೆ ಮುಟ್ಟುವುದಿಲ್ಲ ಎಂದು ಹರಕೆ.

ಹಿಂದಿನ ವರ್ಷಗಳಲ್ಲಿ ಕಾಫಿಗೆ ಸಕ್ಕರೆ ಬಿಟ್ಟಿದ್ದೆ, ಮಾಂಸ ಬಿಟ್ಟಿದ್ದೆ, ಧಾರಾವಾಹಿ ಬಿಟ್ಟಿದ್ದೆ. ಅವೆಲ್ಲ ಸುಲಭ, ಮೂರನೆಯ ದಿನಕ್ಕೆ ನಾಲಿಗೆ ಒಗ್ಗಿಹೋಗುತ್ತಿತ್ತು. ಫೋನು ಹಾಗಲ್ಲ. ಯಾರದೋ ಮನೆಯ ಸೀರೆ, ಯಾರದೋ ಅಡುಗೆ ನೋಡುತ್ತಾ ಎರಡು ಸಲ ಹಾಲು ಉಕ್ಕಿಸಿದ್ದೆ. ಜಪಮಾಲೆ ಹಿಡಿದುಕೊಂಡೇ ಎಡಗೈಯಲ್ಲಿ ಫೋನು ಸವರುತ್ತಿದ್ದೇನೆ ಎಂದು ಒಂದು ದಿನ ತಿಳಿದಾಗ ನಾಚಿಕೆಯಾಯಿತು.

ಹರಕೆಯನ್ನು ಯಾರಿಗೂ ಹೇಳಲಿಲ್ಲ. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಉಪವಾಸದ ಶುಕ್ರವಾರಗಳಂದು ಸಾಲಿನಲ್ಲಿ ನಿಲ್ಲಿಸಿ ಮುಖ ನೋಡುತ್ತಿದ್ದರು. ಉಪವಾಸ ಇರುವವಳು ತಲೆ ಬಾಚಿ, ಮುಖ ತೊಳೆದು, ನಗುತ್ತಾ ಇರಬೇಕು. ಪಕ್ಕದವಳಿಗೆ ಗೊತ್ತಾದರೆ ಉಪವಾಸ ದಂಡವಾಯಿತು ಎನ್ನುತ್ತಿದ್ದರು. ನನ್ನ ಗಂಡನೂ ಅಂಥದೇ ಶಾಲೆಯಲ್ಲಿ ಓದಿದವರು. ಈಗ ಮಳವಳ್ಳಿ ಹತ್ತಿರದ ಹಳ್ಳಿಯೊಂದರಲ್ಲಿ ಮೇಷ್ಟ್ರು. ಮಂಡ್ಯದಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಾರೆ. ಹಗಲು ಹೊತ್ತು ಫೋನು ಮಾಡುವ ಅಭ್ಯಾಸ ಅವರಿಗಿಲ್ಲ. ಹಾಗಾಗಿ ಅವರಿಗೂ ತಿಳಿಯಲಿಲ್ಲ.

ತಿಳಿದುಕೊಂಡದ್ದು ಪಕ್ಕದ ಮನೆಯಾಕೆ ಮಾತ್ರ, ಅದೂ ಅರ್ಧ. ಕಾಂಪೌಂಡಿನ ಆಚೆಯಿಂದ ಕೇಳಿದಳು. "ಅಲ್ಲ ಕಣಮ್ಮ, ಮೂರ್ ದಿನದಿಂದ ಮೊಮ್ಮಗೀನ ಫೋಟೊ ಕಳುಸ್ತಾ ಇವ್ನಿ. ಬೆಳಿಗ್ಗೆ ಕಳ್ಸುದ್ರೆ ಸಂಜೆಗ್ ನೋಡ್ತೀಯ. ಸೊಕ್ ಬಂದದಾ?"

"ಚಾರ್ಜು ನಿಲ್ಲಲ್ಲ ಅಕ್ಕ," ಎಂದೆ. ಹರಕೆ ಮುಚ್ಚಿಡಲು ಸುಳ್ಳು ಹೇಳಿದ್ದೆ. ಅದು ಆಗ ಹೊಳೆಯಲಿಲ್ಲ.

ಇನ್ನೊಂದು ಮಾತು ಹೇಳಬೇಕು. ನನ್ನ ಗಂಡನಿಗೆ ಸಕ್ಕರೆ ಕಾಯಿಲೆ. ಬೆಳಗ್ಗೆ ಇನ್ಸುಲಿನ್ ಚುಚ್ಚಿಕೊಂಡು, ಏಳೂಕಾಲರ ಬಸ್ಸಿನಲ್ಲಿ ಸೀಟು ಹಿಡಿದು, ಅಲ್ಲೇ ಡಬ್ಬಿ ಬಿಚ್ಚಿ ತಿಂಡಿ ತಿನ್ನುತ್ತಾರೆ. ಚುಚ್ಚಿಕೊಂಡ ಮೇಲೆ ತಿನ್ನದಿದ್ದರೆ ಸಕ್ಕರೆ ಇಳಿದುಹೋಗುತ್ತದೆ. ಹಿಂದಿನ ವರ್ಷ ಮದ್ದೂರು ಬಸ್‌ ಸ್ಟ್ಯಾಂಡಿನಲ್ಲಿ ಹಾಗೆಯೇ ಬಿದ್ದಿದ್ದರು. ಜೇಬಿನ ಫೋನು ಲಾಕ್ ಆಗಿತ್ತು. ಯಾರಿಗೆ ಹೇಳಬೇಕೆಂದು ಗೊತ್ತಾಗದೆ ಜನ ಅವರ ಸುತ್ತ ಸುಮ್ಮನೆ ನಿಂತಿದ್ದರಂತೆ. ಅಂದಿನಿಂದ ಅವರ ಅಂಗಿ ಜೇಬಿನಲ್ಲಿ ನಾನೇ ಒಂದು ಚೀಟಿ ಇಡುತ್ತೇನೆ. 'ಏನಾದರೂ ಆದರೆ ಈ ನಂಬರಿಗೆ ಫೋನ್ ಮಾಡಿ.' ಅಂಗಿ ಬದಲಾದಾಗ ಚೀಟಿಯನ್ನೂ ಬದಲಾಯಿಸುತ್ತೇನೆ.

ಎರಡನೆಯ ಶುಕ್ರವಾರ. ಬಾಗಿಲಲ್ಲಿ ತಿಂಡಿ ಡಬ್ಬಿ ಇಟ್ಟ ಬ್ಯಾಗನ್ನು ಅವರ ಕೈಗೆ ಕೊಟ್ಟೆ. ಗೇಟಿನವರೆಗೆ ಹೋದವರು "ಕನ್ನಡಕ ಮರೆತೆ" ಎಂದು ಒಳಗೆ ಹೋಗಿ ಬಂದರು. ಕನ್ನಡಕ ಮೂಗಿನ ಮೇಲೆ ಮೊದಲೇ ಇತ್ತೇನೋ ಎಂದು ಅನ್ನಿಸಿತು, ಆದರೂ ನಾನು ಕೇಳಲಿಲ್ಲ.

ಒಂಬತ್ತೂವರೆಗೆ ರವಿಕೆ ಹೊಲಿಯಲು ಕೂತು ಮೆಷಿನ್ನಿನ ಹೊದಿಕೆ ತೆಗೆದೆ. ಒಳಗೆ ತಿಂಡಿ ಡಬ್ಬಿ ಇತ್ತು. ಮುಚ್ಚಳ ತಣ್ಣಗಿತ್ತು. ಆಗಲೇ ಒಂದು ಸಾಲು ಇರುವೆ ಅದರ ಸುತ್ತ ದಾರಿ ಮಾಡಿಕೊಂಡಿತ್ತು.

ಮರೆತದ್ದಲ್ಲ, ಮುಚ್ಚಿಟ್ಟದ್ದು. ಚುಚ್ಚಿಕೊಂಡದ್ದನ್ನು ನಾನೇ ನೋಡಿದ್ದೆ. ಎರಡು ಗಂಟೆಗೂ ಹೆಚ್ಚು ಹೊತ್ತಾಗಿತ್ತು. ಜೇಬಿನ ಚೀಟಿ ನೆನಪಾಯಿತು. ಚೀಟಿಯಲ್ಲಿದ್ದದ್ದು ಹಿಟ್ಟಿನೊಳಗೆ ಆಫ್ ಆಗಿ ಮಲಗಿದ್ದ ಫೋನಿನ ನಂಬರು.

ಓಡಿ ಹೋಗಿ ಡಬ್ಬದ ಮುಚ್ಚಳ ತೆಗೆದೆ ಎಂದು ಬರೆಯಬಹುದಿತ್ತು. ಹಾಗೆ ಮಾಡಲಿಲ್ಲ. ಡಬ್ಬದ ಮೇಲೆ ಕೈ ಇಟ್ಟು ನಿಂತೆ. ದೇವರಿಗೆ ಕೊಟ್ಟ ಮಾತು ಶುಕ್ರವಾರವೇ ಮುರಿದರೆ ಅದು ಅವರ ಮೇಲೆಯೇ ಬಂದು ಬೀಳುತ್ತದೆ ಎಂಬ ಭಯ ಹಿಡಿಯಿತು. ಮೊಣಕಾಲೂರಿ ಜಪಮಾಲೆ ಶುರು ಮಾಡಿದೆ. ಮೊದಲ ಹತ್ತು ಮಣಿ ಮುಗಿಯಿತು, ಎರಡನೆಯದೂ ಮುಗಿಯಿತು. ಸಿಂಕಿನ ನಲ್ಲಿ ತೊಟ್ಟಿಕ್ಕುತ್ತಿತ್ತು. ಒಂದೊಂದು ಹನಿಗೂ ಅವರು ಎಲ್ಲೋ ಒಂದು ಬೆಂಚಿನಿಂದ ಸ್ವಲ್ಪ ಸ್ವಲ್ಪ ಜಾರುತ್ತಿರುವಂತೆ ಕಂಡಿತು. ಮೂರನೆಯ ಹತ್ತರ ನಡುವೆ ಬಾಯಿ ಒಣಗಿ ಪ್ರಾರ್ಥನೆಯ ಮಾತೇ ಮರೆತುಹೋಯಿತು. ಆಗ ಎದ್ದೆ.

ಕೈ ಹಿಟ್ಟಾಯಿತು, ಸೀರೆ ಹಿಟ್ಟಾಯಿತು. ಫೋನು ಆನ್ ಆಗಲು ಇಷ್ಟು ಹೊತ್ತು ಹಿಡಿಯುತ್ತದೆಂದು ನನಗೆ ಗೊತ್ತಿರಲಿಲ್ಲ. ಪರದೆ ಬೆಳಗಿದ ಮೇಲೆ ಮೆಸೇಜುಗಳು ಒಂದರ ಹಿಂದೆ ಒಂದು ಬಿದ್ದವು. ಒಂದೇ ನಂಬರಿನಿಂದ ಆರು ಕರೆ. ಅವರ ನಂಬರಲ್ಲ.

ತಿರುಗಿ ಮಾಡಿದೆ. ಹೆಂಗಸಿನ ದನಿ. "ಯಾರು? ಮೇಷ್ಟ್ರು ಮನೆಯವ್ರಾ? ನಾನು ಇಸ್ಕೂಲ್ನಲ್ಲಿ ಅಡ್ಗೆ ಮಾಡೋಳು ಕಣವ್ವ. ಚೀಟೀಲಿ ಬರ್ದಿರೋ ನಂಬರ್ಗೆ ಮಾಡೀ ಮಾಡೀ ಸಾಕಾಯ್ತು. ಫೋನ್ ಆಫ್ ಮಾಡ್ಕಂಡು ಮನಿಕಂಡಿದ್ರಾ?"

"ಅವರು ಹೇಗಿದ್ದಾರೆ?" ಎಂದೆ.

"ತಡ್ಕಳಿ," ಎಂದು ಫೋನನ್ನು ಎಲ್ಲೋ ಇಟ್ಟಳು. ಮಕ್ಕಳು ಮಗ್ಗಿ ಹೇಳುತ್ತಿದ್ದರು. ಪಾತ್ರೆಗೆ ಸೌಟು ತಗುಲಿದ ಸದ್ದು. ಯಾರೋ ಓಡಿದರು. ಏಳರ ಮಗ್ಗಿ ಮುಗಿದು ಎಂಟರದು ಶುರುವಾಯಿತು. ಮೇಷ್ಟ್ರಿಗೆ ಏನಾದರೂ ಆಗಿದ್ದರೆ ಮಕ್ಕಳು ಮಗ್ಗಿ ಹೇಳುತ್ತಾರೆಯೇ ಎಂದುಕೊಂಡೆ. ಗಲಾಟೆ ಮಾಡದಿರಲಿ ಎಂದೇ ಹೇಳಿಸುತ್ತಿರಬಹುದು ಎಂದೂ ಅನ್ನಿಸಿತು. ಎಂಟೆಂಟಲ ಅರವತ್ತನಾಲ್ಕು ಬರುವ ಹೊತ್ತಿಗೆ ನಾನು ನೆಲದ ಮೇಲೆ ಕೂತಿದ್ದೆ.

ಆಮೇಲೆ ಅವರ ದನಿ, ತೊದಲುತ್ತಾ. "ಡಬ್ಬಿ ಸಿಕ್ತಾ?"

ನನಗೆ ಅಳು ಬಂತು.

"ಶುಕ್ರವಾರ ಅಲ್ವಾ," ಎಂದರು. "ಮಧ್ಯಾಹ್ನದವರೆಗೆ ಉಪವಾಸ ಇರೋಣ ಅಂದ್ಕೊಂಡೆ. ಹೋದ ವಾರ ಏನೂ ಆಗ್ಲಿಲ್ಲ."

"ಹೋದ ವಾರಾನೂನಾ? ನನಗ್ಯಾಕ್ರೀ ಹೇಳ್ಲಿಲ್ಲ?"

"ಹೇಳಬಾರದು ಅಂತಲ್ವಾ ಕಲಿಸಿದ್ದು. ನಿನ್ನ ಫೋನ್ ಯಾಕೆ ಆಫ್ ಆಗಿತ್ತು?"

ನಾನು ಉತ್ತರ ಕೊಡುವ ಮೊದಲೇ ಅಡುಗೆಯಾಕೆ ಫೋನು ಕಿತ್ತುಕೊಂಡಳು. "ಬೆಲ್ಲದ್ ನೀರು ಕುಡಿಸಿವ್ನಿ, ಎರಡ್ ಬಾಳೆಹಣ್ಣು ತಿನ್ಸಿವ್ನಿ. ಬೆವರು ನಿಂತದೆ. ಎದ್ರುಕೋಬ್ಯಾಡಿ. ನಿಮ್ ಸಾಮಿ ಒಟ್ಟೆಗಿಲ್ದೆ ಸೂಜಿ ಚುಚ್ಕಳಿ ಅಂದವ್ನಾ? ಕೇಳ್ಬುಡಿ ಒಂದ್ಕಿತ."

ಅಂದು ಸಂಜೆ ಅವರು ಬಂದಾಗ ನನ್ನ ಹರಕೆಯನ್ನೂ ಹೇಳಿದೆ. ಕೈ ತೊಳೆದು ಬಂದು ತಟ್ಟೆ ಮುಂದೆ ಕೂತರು. ಅವರು ಮುದ್ದೆ ಮುರಿಯುವುದನ್ನು, ಅದ್ದುವುದನ್ನು, ನುಂಗುವುದನ್ನು ಒಂದೊಂದಾಗಿ ನೋಡುತ್ತಾ ಕೂತೆ.

ಮುಂದಿನ ಶನಿವಾರ ಪಾಪನಿವೇದನೆಗೆ ಹೋದಾಗ ಹರಕೆ ಮುರಿದ ಮಾತು ಎತ್ತಲಿಲ್ಲ. ಇಪ್ಪತ್ತೈದು ಮಣಿ ಎಣಿಸುವಷ್ಟು ಹೊತ್ತು ಫೋನು ಮುಟ್ಟದೆ ಇದ್ದುದನ್ನು ಹೇಳಿದೆ. "ಯಾರಿಗೆ ಹೆದರಿದೆಯಮ್ಮ?" ಎಂದು ಫಾದರ್ ಕೇಳಿದರು. ದೇವರಿಗೆ ಎನ್ನಲು ಬಾಯಿ ಬರಲಿಲ್ಲ. ನನ್ನ ಸಿಸ್ಟರ್ ಕಲಿಸಿದ ದೇವರು ಅಷ್ಟು ಸಣ್ಣವನಾಗಿರಲಿಲ್ಲ. ಸಣ್ಣವನನ್ನಾಗಿ ಮಾಡಿಕೊಂಡದ್ದು ನಾನೇ.

ಈಗ ಫೋನು ಡಬ್ಬದೊಳಗಿಲ್ಲ. ಡಬ್ಬದ ಮುಚ್ಚಳದ ಮೇಲೆ ಮಕಾಡೆ ಮಲಗಿರುತ್ತದೆ, ಆನ್ ಆಗಿರುತ್ತದೆ. ಸಂಜೆಯವರೆಗೆ ನೋಡುವುದಿಲ್ಲ, ಕರೆ ಬಂದರೆ ಮಾತ್ರ ಎತ್ತುತ್ತೇನೆ. ಇದು ಒಳಗೆ ಬಚ್ಚಿಡುವುದಕ್ಕಿಂತ ಕಷ್ಟ. ಅವರು ಬಸ್ಸಿನಲ್ಲಿ ತಿಂಡಿ ತಿಂದ ಕೂಡಲೇ ಫೋನು ಮಾಡುತ್ತಾರೆ. ಆ ರಾಗಿ ಹಿಟ್ಟು ಫೋನಿನ ಒಳಗೆಲ್ಲೋ ಉಳಿದುಬಿಟ್ಟಿದೆ. ಅವರ ದನಿ ದೂರದಿಂದ ಬಂದಂತೆ ಕೇಳುತ್ತದೆ. "ತಿಂದೆ" ಎಂದರೋ "ತಿಂತೀನಿ" ಎಂದರೋ ತಿಳಿಯದೆ ಫೋನನ್ನು ಕಿವಿಗೆ ಒತ್ತಿಕೊಂಡು ಮತ್ತೆ ಕೇಳುತ್ತೇನೆ.